ಬೊಂಡ ಕುಡಿಯದ ರೆಫ್ರಿ

ಮೊನ್ನೆ ನಮ್ಮ ಶಾಲೆಗೆ ಹೊಸದಾಗಿ ಬಂದ ಡ್ರಿಲ್ ಮಾಸ್ತರರೊಬ್ಬರು ನನ್ನನ್ನು ಹುಡುಕಿಕೊಂಡು ಬಂದಿದ್ದರು. ಬಾಕ್ಸಿಂಗ್ ರೆಫ್ರಿಯ ಪರೀಕ್ಷೆ ಪಾಸು ಮಾಡಿದ್ದಾರಂತೆ. ಕಂಕುಳಲ್ಲಿ ನಿಯಮಗಳ ಪುಸ್ತಕ, ಕುತ್ತಿಗೆಯಲ್ಲಿ ಹೊಸ ಸೀಟಿ. "ಈ ಕೆಲಸದಲ್ಲಿ ಮುಖ್ಯವಾಗಿ ತಿಳಿದಿರಬೇಕಾದದ್ದು ಎಂತ, ಸರ್?" ಎಂದು ಕೇಳಿದರು. "ಎಲ್ಲಿ ಊಟ ಮಾಡಬಾರದು ಎಂಬುದು" ಎಂದೆ. ಅವರು ನಕ್ಕರು. ಮುದುಕನಿಗೆ ಅರಳುಮರಳು ಎಂದುಕೊಂಡಿರಬೇಕು. ನಾನು ತಮಾಷೆ ಮಾಡಿರಲಿಲ್ಲ. ಅವರು ಹೋದ ಮೇಲೆ ಕುಳಿತು ಇದನ್ನು ಬರೆಯತೊಡಗಿದೆ.

ನಾನು ಬಂಟ್ವಾಳದ ಒಂದು ಶಾಲೆಯಲ್ಲಿ ಡ್ರಿಲ್ ಮಾಸ್ತರನಾಗಿದ್ದವ. ಬಡ್ತಿಯ ಕಥೆ ಒಂದೇ ಮಾತಿನಲ್ಲಿ ಮುಗಿಯುತ್ತದೆ: ಸಿಗಲಿಲ್ಲ. ಮದ್ರಾಸಿನಲ್ಲಿ ವ್ಯಾಯಾಮ ಶಿಕ್ಷಣದ ತರಬೇತಿಗೆ ಹೋಗಿದ್ದಾಗ ಬಾಕ್ಸಿಂಗ್ ಕಲಿತಿದ್ದೆ. ಕಲಿತದ್ದು ಎನ್ನುವುದಕ್ಕಿಂತ ಗುದ್ದು ತಿಂದದ್ದು ಎನ್ನುವುದು ಸರಿ. ಆ ಕಾಲದಲ್ಲಿ ನಮ್ಮ ಮೂರು ಊರುಗಳಲ್ಲೂ, ಅಂದರೆ ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳಲ್ಲಿ, ಸೈನ್ಯದ ಪಟ್ಟಾಳದಿಂದ ಮರಳಿದ ಕೆಲವರು ಹುಡುಗರಿಗೆ ಬಾಕ್ಸಿಂಗಿನ ಹುಚ್ಚು ಹಿಡಿಸಿದ್ದರು. ಕರಪತ್ರದಲ್ಲಿ 'ಮುಷ್ಟಿಕಾಳಗ' ಎಂದು ಅಚ್ಚಾಗುತ್ತಿತ್ತು. ಜನರ ಬಾಯಲ್ಲಿ ಅದು ಬರೀ ಗುದ್ದಾಟ. ಗುದ್ದುವವರು ಬೇಕಾದಷ್ಟು ಜನ ಇದ್ದರು. ನಡುವೆ ನಿಲ್ಲುವವರು ಇರಲಿಲ್ಲ. ಹಾಗಾಗಿ ಆ ಕೆಲಸ ನನ್ನ ತಲೆಗೆ ಬಂತು.

ನನಗೆ ಅದನ್ನು ಕಲಿಸಿದವರು ಹವಾಲ್ದಾರ್ ಮೋನಪ್ಪ. ಬರ್ಮಾದಲ್ಲಿ ಯುದ್ಧ ಮಾಡಿ ಬಂದು ಬಂಟ್ವಾಳ ಪೇಟೆಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದರು. ನನಗಿಂತ ಮೊದಲು ಅವರೇ ರೆಫ್ರಿ. ಮಾತಾಡುವಾಗ ಸೈಕಲ್ ಚಕ್ರವನ್ನು ಒಂದು ಕೈಯಲ್ಲಿ ತಿರುಗಿಸುತ್ತ, ಕಡ್ಡಿಗಳನ್ನೇ ನೋಡುತ್ತ ಹೇಳುತ್ತಿದ್ದರು. ನಮ್ಮ ಮಾತೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ನೋಡು ಮಾರಾಯ, ನಮ್ಮಲ್ಲಿ ಮೂರು ಜನ ತೀರ್ಪುಗಾರರನ್ನು ಎಲ್ಲಿಂದ ತರುವುದು? ನೀನೇ ರೆಫ್ರಿ, ನೀನೇ ಜಡ್ಜು. ಅಂಕ ಎಲ್ಲ ನಿನ್ನ ತಲೆಯೊಳಗೆ. ಹಾಗಾಗಿ ಕಾದಾಟ ಗೊತ್ತಾದ ದಿನದಿಂದ ಎರಡೂ ಕಡೆಯವರದ್ದು ಒಂದು ಹನಿ ನೀರು ಸಹ ಮುಟ್ಟಬೇಡ."

"ಮತ್ತೆ?"

"ಮತ್ತೆ ಎಂತ? ಇಬ್ಬರ ಅಭ್ಯಾಸವನ್ನೂ ಹೋಗಿ ನೋಡು. ಇಲ್ಲಿ ನೋಡಿದ್ದನ್ನು ಅಲ್ಲಿ ಹೇಳಬೇಡ. ಇನ್ನೊಂದು ಉಂಟು. ಕಾದಾಟವನ್ನು ಅರ್ಧಕ್ಕೆ ನಿಲ್ಲಿಸಿದರೆ, ಆಗ ಯಾರು ಮುಂದಿದ್ದ ಅಂತ ಸಾಯುವವರೆಗೂ ಬಾಯಿ ಬಿಡಬೇಡ. ಬಿಟ್ಟರೆ ನೀನು ನಿಲ್ಲಿಸಿದ್ದಲ್ಲ, ಕದ್ದದ್ದು ಅಂತ ಆಗ್ತದೆ."

ಇಷ್ಟು ಕಲಿಸಿದರೂ ನಾನು ಮೊದಲ ವರ್ಷವೇ ಮುಗ್ಗರಿಸಿದೆ. ಬೆಳ್ತಂಗಡಿಯಲ್ಲಿ ಒಂದು ಕಾದಾಟ. ಏಪ್ರಿಲ್ ತಿಂಗಳ ಬಿಸಿಲು. ಬಸ್ಸಿಳಿದಾಗ ನಾಲಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಯಾರೋ ಒಬ್ಬ ಪುಣ್ಯಾತ್ಮ ಬೊಂಡ ಕೆತ್ತಿ ಕೈಗೆ ಕೊಟ್ಟ. ಬೊಂಡ ಎಂದರೆ ನಮ್ಮ ಕಡೆ ಎಳನೀರು. ಗಟಗಟ ಕುಡಿದೆ. ಆ ಪುಣ್ಯಾತ್ಮ ಗೆದ್ದವನ ಭಾವ ಎಂಬುದು ತೀರ್ಪು ಕೊಟ್ಟ ಮೇಲೆ ಗೊತ್ತಾಯಿತು. "ಬೊಂಡಕ್ಕೆ ತೀರ್ಪು ಕೊಟ್ಟ ಮಾಸ್ಟ್ರು!" ಎಂದು ಸೋತವರ ಕಡೆಯವರು ಬಸ್ಸಿನವರೆಗೂ ಕೂಗುತ್ತ ಬಂದರು. ತೀರ್ಪು ಸರಿಯಾಗಿಯೇ ಇತ್ತು. ಯಾರಿಗೆ ಬೇಕು ಅದು? ಅಂದಿನಿಂದ ನನ್ನ ಹೆಸರು ಬೊಂಡ ಮಾಸ್ಟ್ರು ಎಂದಾಯಿತು. ಶಾಲೆಯ ಪುಟ್ಟ ಮಕ್ಕಳಿಗೂ ಗೊತ್ತಿತ್ತು. ಮರುವಾರ ಹವಾಲ್ದಾರರು ತಮ್ಮ ಪಟ್ಟಾಳದ ನೀರಿನ ಬಾಟಲಿಯನ್ನು ನನ್ನ ಹೆಗಲಿಗೆ ತೂಗುಹಾಕಿದರು. ಬಟ್ಟೆ ಸುತ್ತಿದ ತಗಡಿನ ಬಾಟಲಿ. ಅದು ಕೊನೆಯವರೆಗೂ ನನ್ನ ಜೊತೆಗಿತ್ತು.

ಇನ್ನೊಂದು ಫಜೀತಿಯನ್ನೂ ಹೇಳಿಬಿಡುತ್ತೇನೆ. ಸುತ್ತು ಮುಗಿದದ್ದಕ್ಕೆ ಗಂಟೆ ಬೇಕಲ್ಲ? ನಮ್ಮ ಶಾಲೆಯ ಮೈದಾನದಲ್ಲಿ ಒಂದು ಶನಿವಾರ ಬೆಳಿಗ್ಗೆ ಹುಡುಗರ ಕಾದಾಟ ಇಟ್ಟಾಗ, ಶಾಲೆಯ ಗಂಟೆಯನ್ನೇ ಬಾರಿಸಲು ಜವಾನನಿಗೆ ಹೇಳಿದೆ. ಮೊದಲ ಸುತ್ತು ಮುಗಿಯಿತು. ಢಣ್ ಎಂದಿತು. ಒಳಗಿದ್ದ ಮಕ್ಕಳೆಲ್ಲ ಚೀಲ ಹಿಡಿದು ಹೋ ಎಂದು ಮನೆಗೆ ಓಡಿದರು. ಹೆಡ್ಮಾಸ್ತರರು ಬಂದು, "ಇಬ್ಬರು ಹುಡುಗರಿಗೆ ಗುದ್ದಲು ಹೇಳಿ ಇಡೀ ಶಾಲೆಗೆ ರಜೆ ಕೊಟ್ಟಿರಲ್ಲ ಮಾಸ್ಟ್ರೇ?" ಎಂದರು. ಅಂದಿನಿಂದ ಗಂಟೆಯ ಬದಲು ಹೋಟೆಲಿನಿಂದ ತಂದ ತಾಮ್ರದ ಹಂಡೆಯ ಮುಚ್ಚಳ. ಅದರ ಶಬ್ದ ಚೆನ್ನಾಗಿರಲಿಲ್ಲ. ಆದರೆ ಅದನ್ನು ಕೇಳಿ ಯಾರೂ ಮನೆಗೆ ಹೋಗುತ್ತಿರಲಿಲ್ಲ.

ಗ್ಲೌಸುಗಳೂ ಹಾಗೆಯೇ. ಬಸ್ಸಿನ ಸೀಟು ಹೊಲಿಯುವವನ ಹತ್ತಿರ ಚರ್ಮದಲ್ಲಿ ಹೊಲಿಸಿ, ಒಳಗೆ ಬೂರುಗದ ಹತ್ತಿ ತುಂಬಿಸುತ್ತಿದ್ದೆವು. ಬೆವರು ಕುಡಿದು ಕುಡಿದು ಹತ್ತಿ ಗಟ್ಟಿಯಾಗಿ, ಹೊಲಿಗೆ ಉಬ್ಬಿ ನಿಲ್ಲುತ್ತಿತ್ತು. ರಾಜ್ಯ ಒಂದಾಗಿ ನಾವು ಮದ್ರಾಸಿನಿಂದ ಮೈಸೂರಿಗೆ ಸೇರಿದ ಮೇಲೆ ಪುಸ್ತಕ ಬದಲಾಯಿತು, ಅಂಕ ಹಾಕುವ ಕ್ರಮ ಬದಲಾಯಿತು. ಗ್ಲೌಸು ಮಾತ್ರ ಎಷ್ಟೋ ಕಾಲ ಅದೇ. ಈಗಿನವರು ಮೆತ್ತಗಿನ ಗ್ಲೌಸು ಹಾಕಿಕೊಂಡು ಕೈ ನೋಯುತ್ತದೆ ಎನ್ನುವಾಗ ನನಗೆ ನಗು ಬರುತ್ತದೆ.

ಆದರೆ ನಾನು ಹೇಳಬೇಕೆಂದಿರುವುದು ಇದಾವುದನ್ನೂ ಅಲ್ಲ. ಈ ಕೆಲಸದಲ್ಲಿ ಮನುಷ್ಯ ಒಂಟಿಯಾಗುತ್ತಾನೆ. ನನ್ನ ಹೆಂಡತಿ ಮದುವೆಯಾದ ಕೆಲವೇ ವರ್ಷಗಳಲ್ಲಿ ತೀರಿಕೊಂಡಿದ್ದಳು. ಮಕ್ಕಳಿಲ್ಲ. ಪೇಟೆಯ ಒಂದು ಅಂಗಡಿಯ ಮಾಳಿಗೆಯಲ್ಲಿ ಕೋಣೆ. ಕಿಟಕಿ ತೆರೆದರೆ ನೇತ್ರಾವತಿ ಕಾಣುತ್ತಿತ್ತು. ಮಾತಿಗೆ ನನಗಿದ್ದದ್ದು ಕೆಳಗಿನ ಹೋಟೆಲು ಒಂದೇ. ಕಾದಾಟದ ಕರಪತ್ರ ಗೋಡೆಗೆ ಬಿತ್ತೆಂದರೆ ಅದೂ ಮುಗಿಯುತ್ತಿತ್ತು. ನಾನು ಒಳಗೆ ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. ಯಾರಾದರೂ ನನ್ನ ಎದುರು ಕುಳಿತರೆ, ನೋಡಿದವರು ಮಾಸ್ಟ್ರ ಕಿವಿ ಊದುತ್ತಿದ್ದಾನೆ ಎನ್ನುತ್ತಿದ್ದರು. ಹಾಗಾಗಿ ಯಾರೂ ಕುಳಿತುಕೊಳ್ಳುತ್ತಿರಲಿಲ್ಲ. ಗೋಡೆ ನೋಡಿಕೊಂಡು ಉಂಡು ಬರುತ್ತಿದ್ದೆ. ಅಭ್ಯಾಸವಾಗಿರಬೇಕಲ್ಲ ಎಂದು ನೀವು ಕೇಳಬಹುದು. ಅಭ್ಯಾಸವೇನೋ ಆಯಿತು, ಇಷ್ಟವಾಗಲಿಲ್ಲ.

ಹವಾಲ್ದಾರರು ತೀರಿಕೊಂಡ ಮೇಲೆ ನಡೆದದ್ದು, ನಮ್ಮ ಸೀಮೆಯಲ್ಲಿ ಜನ ಬಹಳ ಕಾಲ ಮಾತಾಡಿಕೊಂಡ ಗುದ್ದಾಟ. ಮೂಡಬಿದಿರೆಯ ಶೀನ ಶೆಟ್ಟಿಗೂ ಬೆಳ್ತಂಗಡಿ ಕಡೆಯ ಕಕ್ಕಿಂಜೆಯ ಐತಪ್ಪನಿಗೂ. ಗೆದ್ದವ ಬೆಂಗಳೂರಿಗೆ, ರಾಜ್ಯದ ಸ್ಪರ್ಧೆಗೆ. ಅದುವರೆಗೆ ಈ ಮೂರು ಊರಿನಿಂದ ಯಾರೂ ಅಲ್ಲಿಗೆ ಹೋಗಿರಲಿಲ್ಲ. ಇಬ್ಬರ ಊರಿನಲ್ಲೂ ಬೇಡವೆಂದು ಬಂಟ್ವಾಳದಲ್ಲಿ, ಒಂದು ಅಕ್ಕಿ ಮಿಲ್ಲಿನ ಅಂಗಳದಲ್ಲಿ ಇಟ್ಟರು. ಮಿಲ್ಲಿನ ಮೂಟೆ ತೂಗುವ ತಕ್ಕಡಿಯಲ್ಲಿ ಇಬ್ಬರನ್ನೂ ಕೂರಿಸಿ ತೂಗಿದೆವು. ಹೆಚ್ಚುಕಡಿಮೆ ಸರಿಸಮ.

ಕ್ರಮದಂತೆ ಇಬ್ಬರ ಅಭ್ಯಾಸವನ್ನೂ ನೋಡಲು ಹೊರಟೆ. ಒಂದು ಭಾನುವಾರ ಮೂಡಬಿದಿರೆ, ಮುಂದಿನ ಭಾನುವಾರ ಕಕ್ಕಿಂಜೆ. ಹೀಗೆ ಒಂದು ಕಡೆ ಎಷ್ಟು ಸಲ ಹೋದೆನೋ ಇನ್ನೊಂದು ಕಡೆಯೂ ಅಷ್ಟೇ ಸಲ. ಹೆಗಲಲ್ಲಿ ಬಾಟಲಿ, ಚೀಲದಲ್ಲಿ ಬುತ್ತಿ.

ಶೀನ ಶೆಟ್ಟಿ ಸ್ಥಿತಿವಂತರ ಮನೆಯವ. ಸೋದರಮಾವನಿಗೆ ಜವಳಿ ಅಂಗಡಿ. ಹುಡುಗ ಒಳ್ಳೆಯವ, ನಗುಮುಖ. ಅವನು ಬೆಳಿಗ್ಗೆ ಕೆರೆಯ ಏರಿಯ ಸುತ್ತ ಓಡುವಾಗ ಗೆಳೆಯರು ಸೈಕಲ್ಲಿನಲ್ಲಿ ಹಿಂದೆ ಬರುತ್ತಿದ್ದರು. ಒಬ್ಬನ ಕೈಯಲ್ಲಿ ಟವೆಲು, ಒಬ್ಬನ ಕೈಯಲ್ಲಿ ಬಾದಾಮಿ ಹಾಲಿನ ಕೂಜ. ಮನೆಯ ಹಿಂದೆ ಚಪ್ಪರ ಹಾಕಿ, ನೆಲಕ್ಕೆ ಮರಳು ಹರಡಿದ್ದರು. ಎಣ್ಣೆ ತಿಕ್ಕಲು ಆಳು. ಬೆಳಿಗ್ಗೆ ಮೊಟ್ಟೆ, ಮಧ್ಯಾಹ್ನ ಆಡಿನ ಕಾಲಿನ ಸೂಪು. ಬೊಂಬಾಯಿಯಲ್ಲಿ ಇದ್ದು ಬಂದ ದೊಡ್ಡಪ್ಪನ ಮಗ ಕಲಿಸುವವ. ದಿನಾ ಮೂರು ನಾಲ್ಕು ಜನರ ಜೊತೆ ಗುದ್ದಾಡಿಸುತ್ತಿದ್ದ. ಎತ್ತರದವ, ಗಿಡ್ಡದವ, ಎಡಗೈಯವ, ಎಲ್ಲರೂ ಇದ್ದರು. ಶೀನನ ಎಡಗೈ ಬಹಳ ಚುರುಕು. ಎದುರಿನವನ ಬಲಗೆನ್ನೆಗೆ ಅದು ಬಂದು ಬೀಳುವುದು ಕಾಣುತ್ತಲೇ ಇರಲಿಲ್ಲ.

ಒಂದು ಭಾನುವಾರ ಹೋದಾಗ ಗೆಳೆಯರೆಲ್ಲ ಯಾರದೋ ಮದುವೆಗೆ ಹೋಗಿದ್ದರು. ಶೀನ ಚಪ್ಪರದಲ್ಲಿ ಮರಳಿನ ಮೇಲೆ ಸುಮ್ಮನೆ ಕುಳಿತಿದ್ದ.

"ಇವತ್ತು ಅಭ್ಯಾಸ ಇಲ್ವಾ ಶೀನ?"

"ಯಾರೂ ಇಲ್ಲದಿದ್ರೆ ಕೈಯೇ ಏಳುವುದಿಲ್ಲ ಮಾಸ್ಟ್ರೇ. ನೀವು ಕೂತುಕೊಳ್ಳಿ, ನೀವು ನೋಡ್ತೀರಿ ಅಂತಾದ್ರೆ ಈಗಲೇ ಮಾಡ್ತೇನೆ."

ನಾನು ಕುಳಿತೆ. ಅವನು ಹಗ್ಗ ಹಿಡಿದು ಜಿಗಿಯತೊಡಗಿದ. ಜನರಿಲ್ಲದೆ ಇವನಿಗೆ ಉಸಿರೂ ಆಡುವುದಿಲ್ಲವಲ್ಲ ಎಂದು ಸೋಜಿಗಪಟ್ಟೆ. ನಿಜ ಹೇಳಬೇಕೆಂದರೆ ಹೊಟ್ಟೆಕಿಚ್ಚೂ ಆಯಿತು.

ಕಕ್ಕಿಂಜೆಗೆ ಹೋಗುವುದೆಂದರೆ ಬಂಟ್ವಾಳದ ಪಕ್ಕದ ಬಿ.ಸಿ.ರೋಡಿನಲ್ಲಿ ಬೆಳಗಿನ ಬಸ್ಸು ಹಿಡಿಯಬೇಕು. ಮುಂಡಾಜೆಯಲ್ಲಿ ಡ್ರೈವರು ಇಳಿದು ಇಂಜಿನಿಗೆ ನೀರು ಹಾಕುವಾಗ ನಾನು ನನ್ನ ಬಾಟಲಿಯ ನೀರು ಕುಡಿಯುತ್ತಿದ್ದೆ. ಐತಪ್ಪನಿಗೆ ಮರದ ಡಿಪೋದಲ್ಲಿ ಕೆಲಸ. ದಿಮ್ಮಿಗಳನ್ನು ಲಾರಿಗೆ ಏರಿಸುವುದು. ತಂದೆತಾಯಿ ಇಲ್ಲ, ಡಿಪೋದ ಬದಿಯ ಒಂದು ಗುಡಿಸಲಿನಲ್ಲಿ ಒಬ್ಬನೇ. ಬೆಳಕು ಹರಿಯುವಾಗ ಚಾರ್ಮಾಡಿ ಘಾಟಿಯ ಕಡೆಗೆ ಓಡುತ್ತಿದ್ದ. ಏರಿನಲ್ಲಿ ಲಾರಿಗಳು ನರಳಿಕೊಂಡು ಹತ್ತುತ್ತವಲ್ಲ, ಅವುಗಳ ಹಿಂದೆ. ಲಾರಿಯನ್ನು ಹಿಂದೆ ಹಾಕಿದರೆ ಆ ದಿನದ ಓಟ ಮುಗಿಯಿತು. ಗಂಜಿ, ಹುರುಳಿ ಸಾರು, ಸುಟ್ಟ ಒಣಮೀನು. ಎಣ್ಣೆ ತಿಕ್ಕಲು ಅವನದೇ ಕೈ. ಬೆನ್ನಿನಲ್ಲಿ ಕೈ ಎಟುಕದ ಜಾಗವನ್ನು ಹಾಗೆಯೇ ಬಿಡುತ್ತಿದ್ದ.

ಗುದ್ದಾಡಲು ಜೊತೆಗಾರ ಇರಲಿಲ್ಲ. ಗೋಣಿಗೆ ಮರದ ಹುಡಿ ತುಂಬಿ ಮಾವಿನ ಕೊಂಬೆಗೆ ಕಟ್ಟಿದ್ದ. ಅದರ ಮೇಲೆ ಇದ್ದಿಲಿನಲ್ಲಿ ಒಂದು ಮುಖ. ಮುಷ್ಟಿಗೆ ಬಟ್ಟೆ ಸುತ್ತಿ, ಕೆಮ್ಮಣ್ಣಿನ ನೀರಿನಲ್ಲಿ ಅದ್ದಿ ಗುದ್ದುತ್ತಿದ್ದ. ಏಟು ಎಲ್ಲಿ ಬಿತ್ತೆಂದು ಮಣ್ಣಿನ ಗುರುತು ನೋಡಿ ತಿಳಿದುಕೊಳ್ಳುತ್ತಿದ್ದ. ಗೋಣಿಯೊಡನೆ ಮಾತೂ ಆಡುತ್ತಿದ್ದ. "ಬಾ ಮಾರಾಯ, ಎಂತ ಹೆದರಿಕೆ ನಿನಗೆ?" ಎನ್ನುತ್ತಿದ್ದದ್ದು ನನಗೆ ರಸ್ತೆಗೇ ಕೇಳುತ್ತಿತ್ತು. ಮಾತಾಡಿಸುವವರು ಇಲ್ಲದವನ ಮಾತು ನನಗೆ ಕೂಡಲೇ ಗುರುತು ಸಿಗುತ್ತದೆ. ನನ್ನ ಕೋಣೆಯಲ್ಲಿ ನಾನೂ ಕಿಟಕಿಗೆ ಬರುವ ಕಾಗೆಯೊಡನೆ ಮಾತಾಡುತ್ತಿದ್ದೆ.

ಯಾರ ಕ್ರಮ ಮೇಲು ಎಂದು ಹೊಸಬರು ಕೇಳುತ್ತಾರೆ. ಶೀನನಿಗೆ ಎದುರಾಳಿಯನ್ನು ಓದುವುದು ಗೊತ್ತಿತ್ತು. ಮೂರನೆಯ ಸುತ್ತಿನಲ್ಲಿ ಉಸಿರು ಸಿಕ್ಕಿಹಾಕಿಕೊಂಡಾಗ ಏನು ಮಾಡಬೇಕೆಂದು ಗೊತ್ತಿರಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಯಾರಾದರೂ ಹಾಲು ತಂದುಕೊಡುತ್ತಿದ್ದರು. ಐತಪ್ಪನಿಗೆ ಉಸಿರು ಸಿಕ್ಕಿಹಾಕಿಕೊಳ್ಳುವುದು ದಿನದ ಕೆಲಸ. ಆದರೆ ಗೋಣಿ ತಿರುಗಿ ಹೊಡೆಯುವುದಿಲ್ಲ. ನನ್ನ ಮನಸ್ಸು ಐತಪ್ಪನ ಕಡೆಗೆ ವಾಲುತ್ತಿತ್ತು. ವಾಲುತ್ತಿದೆ ಎಂದು ಗೊತ್ತಾದ ದಿನದಿಂದ ಅವನ ಹತ್ತಿರ ಮಾತು ಕಡಿಮೆ ಮಾಡಿದೆ.

ಕೊನೆಯ ಸಲ ಕಕ್ಕಿಂಜೆಗೆ ಹೋದಾಗ ಅವನು ಎಂದಿನಂತೆ ಚೆಂಬಿನಲ್ಲಿ ನೀರು ತಂದ. ನಾನು ಬೇಡವೆನ್ನುತ್ತೇನೆಂದು ಗೊತ್ತಿದ್ದರೂ ಪ್ರತಿಸಲ ತರುತ್ತಿದ್ದ. ಲೋಟಕ್ಕೆ ಬಗ್ಗಿಸುವಾಗ ಲೋಟದ ಅಂಚಿಗೆ ಒಂದು ಬೆರಳು ಇಟ್ಟು, ಆ ಬೆರಳಿಗೆ ಚೆಂಬನ್ನು ತಾಗಿಸಿ ಬಗ್ಗಿಸಿದ. ಕತ್ತಲೆಯಲ್ಲಿ ನೀರು ಬಗ್ಗಿಸುವವರ ಹಾಗೆ. ಹಗಲು ಬೆಳಕಿನಲ್ಲಿ ಯಾಕೆ ಹೀಗೆ? ನಾನು ಕಿಸೆಯಲ್ಲಿದ್ದ ಬೆಂಕಿಪೆಟ್ಟಿಗೆಯನ್ನು ಅವನ ಬಲಗಿವಿಯ ಹತ್ತಿರಕ್ಕೆ ಎಸೆದೆ. ಅದು ಕೆನ್ನೆಗೆ ತಾಗುವವರೆಗೂ ಅವನು ರೆಪ್ಪೆ ಮಿಟುಕಿಸಲಿಲ್ಲ.

"ಬಲಗಣ್ಣು ಯಾವಾಗ ಹೋಯ್ತು ಐತಪ್ಪ?"

ಅವನು ಬೆಂಕಿಪೆಟ್ಟಿಗೆಯನ್ನು ಹೆಕ್ಕಿ ನನ್ನ ಕೈಗೆ ಕೊಟ್ಟ. "ಕಳೆದ ಮಳೆಗಾಲದಲ್ಲಿ. ಮರದ ಚಕ್ಕೆ ಹಾರಿದ್ದು. ಮಂಗಳೂರಿನ ಡಾಕ್ಟ್ರಿಗೆ ತೋರಿಸಿದ್ದೇನೆ. ಅದು ಇನ್ನು ಬರುವುದಿಲ್ಲ, ಎಡದ್ದನ್ನಾದರೂ ಜಾಗ್ರತೆಯಲ್ಲಿ ನೋಡಿಕೋ ಅಂದ್ರು."

"ಮತ್ತೆ ಇದು ಎಂತ ಮಾಡ್ತಾ ಇದ್ದಿ? ಎಡಗಣ್ಣಿಗೆ ಒಂದು ಸರಿಯಾದ ಏಟು ಬಿದ್ದರೆ ಕುರುಡನಾಗಿ ಈ ಗುಡಿಸಲಲ್ಲಿ ಕೂತುಕೊಳ್ತೀಯಾ?"

"ಒಂದೇ ಸಲ ಮಾಸ್ಟ್ರೇ. ದಿಮ್ಮಿ ಹೊರುವವ ಅಂತ ಬಿಟ್ಟು ನನ್ನನ್ನು ಯಾರಾದ್ರೂ ಬೇರೆ ಎಂತ ಕರೆದದ್ದುಂಟಾ? ಬೆಂಗಳೂರಿಗೆ ಒಮ್ಮೆ ಹೋಗಿ ಬರ್ತೇನೆ. ಮತ್ತೆ ಗ್ಲೌಸು ಮುಟ್ಟುವುದಿಲ್ಲ. ನೀವು ಹೇಳಬೇಡಿ."

ಅಲ್ಲಿ ನೋಡಿದ್ದನ್ನು ಇಲ್ಲಿ ಹೇಳಬಾರದು ಎಂಬುದು ಹವಾಲ್ದಾರರ ಮಾತು. ಅವರು ಇದ್ದಿದ್ದರೆ ಕೇಳಬಹುದಿತ್ತು. ಕೇಳಲು ಆ ಮೂರೂ ಊರಿನಲ್ಲಿ ನನಗೆ ಬೇರೆ ಒಂದು ಮುಖ ನೆನಪಾಗಲಿಲ್ಲ.

"ಹೇಳುವುದಿಲ್ಲ. ಆದರೆ ಎಡಗಣ್ಣಿನ ಹತ್ತಿರ ರಕ್ತ ಕಂಡರೆ ನಿಲ್ಲಿಸ್ತೇನೆ. ನೀನು ಗೆಲ್ತಾ ಇದ್ದರೂ ನಿಲ್ಲಿಸ್ತೇನೆ. ಒಪ್ಪಿಗೆಯಾ?"

"ಒಪ್ಪಿಗೆ. ರಕ್ತ ಕಂಡರೆ ತಾನೆ? ಕಾಣದ ಹಾಗೆ ನೋಡಿಕೊಳ್ತೇನೆ" ಎಂದು ನಕ್ಕ.

ಕಾದಾಟದ ದಿನ ಮಧ್ಯಾಹ್ನಕ್ಕೇ ಮಿಲ್ಲಿನ ಅಂಗಳ ತುಂಬಿತು. ಮೂಡಬಿದಿರೆಯವರು ಲಾರಿಗಳಲ್ಲಿ ಬಂದರು. ಬೆಳ್ತಂಗಡಿ ಕಡೆಯವರು ಬಸ್ಸಿನ ಮೇಲೆಲ್ಲ ಕುಳಿತು ಬಂದರು. ಅವರೆಲ್ಲ ಐತಪ್ಪನ ಕಡೆಯವರೇ. ಆದರೆ ಅವನ ಮೂಲೆಯಲ್ಲಿ ನೀರು ಕೊಡಲು ಡಿಪೋದ ಒಬ್ಬ ಮುದುಕ ಬಿಟ್ಟರೆ ಯಾರೂ ಇರಲಿಲ್ಲ. ಗಾಳಿಮರದ ನಾಲ್ಕು ಕಂಬ, ಬಟ್ಟೆ ಸುತ್ತಿದ ತೆಂಗಿನ ನಾರಿನ ಹಗ್ಗ, ನೆಲಕ್ಕೆ ಬೈಹುಲ್ಲು ಹಾಕಿ ಮೇಲೆ ಟಾರ್ಪಾಲು. ಮಿಲ್ಲಿನ ಲೆಕ್ಕ ಬರೆಯುವ ರೈಟರು ಗಡಿಯಾರ ಹಿಡಿದು ಹಂಡೆಯ ಮುಚ್ಚಳದ ಎದುರು ಕುಳಿತ.

ಮೊದಲ ಸುತ್ತಿನಲ್ಲಿ ಐತಪ್ಪ ಹೊಕ್ಕು ಹೊಡೆದ. ಒಂದೇ ಕಣ್ಣಿಗೆ ದೂರದಿಂದ ಅಳತೆ ತಿಳಿಯುವುದಿಲ್ಲವೆಂದು ಮೈಗೆ ಮೈ ತಾಗುವಷ್ಟು ಹತ್ತಿರ ಹೋಗಿಯೇ ಹೊಡೆಯುತ್ತಿದ್ದ. ಹೊಟ್ಟೆಗೆ, ಪಕ್ಕೆಗೆ. ದಿಮ್ಮಿ ಎತ್ತಿದ ತೋಳು. ಶೀನ ಹಿಂದೆ ಹಿಂದೆ ಹೋದ. ಅವನ ಎಡಗೈ ಮಾತ್ರ ಐತಪ್ಪನ ಬಲಗೆನ್ನೆಗೆ ಬೀಳುತ್ತಲೇ ಇತ್ತು. ಐತಪ್ಪ ತಲೆ ತಗ್ಗಿಸಲಿಲ್ಲ, ಮುಖ ತಿರುಗಿಸಲಿಲ್ಲ. "ನೋಡಿ ಮಾರಾಯ್ರೇ, ಏಟು ಬರುವಾಗ ಕಣ್ಣು ಸಹ ಮುಚ್ಚುವುದಿಲ್ಲ! ಎಂಥ ಧೈರ್ಯ!" ಎಂದು ಹಗ್ಗದ ಆಚೆ ಯಾರೋ ಕೂಗಿದರು. ಅಂಗಳ ಇಡೀ ಚಪ್ಪಾಳೆ ತಟ್ಟಿತು. ಆ ಏಟುಗಳು ಅವನಿಗೆ ಕಾಣುತ್ತಲೇ ಇಲ್ಲ ಎಂಬುದು ಅಷ್ಟು ಜನರಲ್ಲಿ ಗೊತ್ತಿದ್ದದ್ದು ಇಬ್ಬರಿಗೆ. ಅವನಿಗೆ ಮತ್ತು ನನಗೆ. ಆ ಚಪ್ಪಾಳೆಯ ನಡುವೆ ನಿಂತಾಗ ನನಗಾದ ಒಂಟಿತನ ಹೆಂಡತಿ ಹೋದ ದಿನವೂ ಆಗಿರಲಿಲ್ಲ.

ಎರಡನೆಯ ಸುತ್ತೂ ಹಾಗೆಯೇ. ಮೂರನೆಯದು ಕೊನೆಯದು. ಶೀನನ ಬಾಯಿ ತೆರೆದುಕೊಂಡಿತ್ತು, ಕಾಲು ಭಾರವಾಗಿತ್ತು. ಐತಪ್ಪ ಅವನನ್ನು ಮೂಲೆಗೆ ಒತ್ತಿದ. ಹಗ್ಗಕ್ಕೆ ಬೆನ್ನು ತಾಗಿದ ಶೀನ ಜಾರಿದ. ಜಾರುತ್ತ ಬಲಗೈಯನ್ನು ಸುಮ್ಮನೆ ಮೇಲಕ್ಕೆ ಬೀಸಿದ. ಗುರಿ ಇಟ್ಟ ಏಟೇ ಅಲ್ಲ. ಗ್ಲೌಸಿನ ಉಬ್ಬಿದ ಹೊಲಿಗೆ ಐತಪ್ಪನ ಎಡಹುಬ್ಬನ್ನು ಸೀಳಿತು. ರಕ್ತ ಕಣ್ಣಿನೊಳಗೆ ಇಳಿಯಿತು. ಐತಪ್ಪ ಗ್ಲೌಸಿನಿಂದ ಒರೆಸಿಕೊಂಡು ಮತ್ತೆ ಮುಂದೆ ಬಂದ. ಆದರೆ ಶೀನ ನಿಂತದ್ದು ಒಂದು ಕಡೆ, ಐತಪ್ಪ ಮುಖ ಮಾಡಿದ್ದು ಇನ್ನೊಂದು ಕಡೆ.

ನಾನು ನಡುವೆ ಹೋಗಿ ಎರಡೂ ಕೈ ಎತ್ತಿದೆ. ಗಾಯವಾಗಿ ಕಾದಾಟ ನಿಂತರೆ ಎದುರಾಳಿ ಗೆದ್ದಂತೆ ಎಂಬ ನಿಯಮದ ಪ್ರಕಾರ ಶೀನನ ಕೈ ಹಿಡಿದು ಮೇಲಕ್ಕೆ ಮಾಡಿದೆ.

ಮತ್ತೆ ಏನೆಲ್ಲ ಆಯಿತು! ಬೆಳ್ತಂಗಡಿಯವರು ಕಲ್ಲು ಎಸೆದರು, ಟಾರ್ಪಾಲು ಎಳೆದರು, ನನ್ನ ತಂದೆತಾಯಿಯರನ್ನು ನೆನೆದರು. "ಈ ಸಲ ಎಷ್ಟು ಬೊಂಡ ಕುಡಿದದ್ದು ಮಾಸ್ಟ್ರೇ?" ಎಂದು ಒಬ್ಬ ನನ್ನ ಮುಖದ ಹತ್ತಿರ ಬಂದು ಕೇಳಿದ. ಐತಪ್ಪ ಮಾತ್ರ ಬೊಬ್ಬೆ ಹೊಡೆಯಲಿಲ್ಲ. ಮುದುಕ ಹುಬ್ಬಿಗೆ ಬಟ್ಟೆ ಒತ್ತಿ ಹಿಡಿದಿದ್ದ. ಐತಪ್ಪ ನಾನು ನಿಂತ ಕಡೆಗೆ ಅಂದಾಜಿನಲ್ಲಿ ಮುಖ ಮಾಡಿ ಕೇಳಿದ:

"ಇಷ್ಟು ಹೊತ್ತು ಯಾರು ಮುಂದಿದ್ದದ್ದು ಮಾಸ್ಟ್ರೇ? ಅದೊಂದು ಹೇಳಿ."

ನಾನು ಹೇಳಲಿಲ್ಲ. ಅವನು ಹಗ್ಗ ತಡಕಿಕೊಂಡು ಇಳಿದು ಹೋದ.

ಮರುದಿನ ಶೀನ ಒಂದು ಡಬ್ಬಿ ಲಾಡು ಹಿಡಿದುಕೊಂಡು ನನ್ನ ಕೋಣೆಯ ಮೆಟ್ಟಿಲು ಹತ್ತಿದ. ಕುಳಿತುಕೊಳ್ಳಲಿಲ್ಲ. "ನಾನು ಗೆದ್ದದ್ದು ಹೌದಾ ಮಾಸ್ಟ್ರೇ? ಎಲ್ಲರೂ ಹೌದು ಅಂತಾರೆ. ನೀವು ಹೇಳಿ" ಎಂದ. ಅವನಿಗೂ ಹೇಳಲಿಲ್ಲ. ಡಬ್ಬಿಯನ್ನು ತಿರುಗಿ ಕೊಟ್ಟೆ. ಅವನು ಬೆಂಗಳೂರಿಗೆ ಹೋಗಿ ಮೊದಲ ಕಾದಾಟದಲ್ಲೇ ಸೋತು ಬಂದ. ಮುಂದೆ ಬೊಂಬಾಯಿಗೆ ಹೋಗಿ ಹೋಟೆಲು ಸೇರಿದ. ಅಲ್ಲಿ ಸುತ್ತ ಜನರೇ ಜನ. ಸುಖವಾಗಿದ್ದಾನೆಂದು ಕೇಳಿದ್ದೇನೆ.

ಬೆಳ್ತಂಗಡಿಯವರು ಆಮೇಲೆ ನನ್ನನ್ನು ಯಾವ ಕಾದಾಟಕ್ಕೂ ಕರೆಯಲಿಲ್ಲ. ಹೋಟೆಲಿನಲ್ಲಿ ಕರಪತ್ರ ಇಲ್ಲದ ಕಾಲದಲ್ಲೂ ನನ್ನ ಎದುರಿನ ಕುರ್ಚಿ ಖಾಲಿಯೇ. ನಿಲ್ಲಿಸಿದ್ದು ಸರಿಯೆಂದು ನನಗೆ ಅಂದೂ ಗೊತ್ತಿತ್ತು, ಇಂದೂ ಗೊತ್ತಿದೆ. ಸರಿ ಎಂದು ಗೊತ್ತಿದ್ದರೆ ಮನಸ್ಸಿಗೆ ನೆಮ್ಮದಿ ಎಂದು ಪುಸ್ತಕಗಳಲ್ಲಿ ಬರೆಯುತ್ತಾರೆ. ನನ್ನ ಅನುಭವದಲ್ಲಿ ಹಾಗೇನೂ ಇಲ್ಲ. ಸರಿ ಎಂದು ಹೇಳಿಕೊಳ್ಳಲು ಒಬ್ಬ ಮನುಷ್ಯನಾದರೂ ಬೇಕು.

ನಿವೃತ್ತನಾದ ವರ್ಷ, ಮಳೆ ಮುಗಿದ ಮೇಲೆ, ಒಂದು ದಿನ ಯಾಕೋ ಬಿ.ಸಿ.ರೋಡಿಗೆ ಹೋಗಿ ಕಕ್ಕಿಂಜೆಯ ಬಸ್ಸು ಹತ್ತಿದೆ. ಕೈ ತಾನಾಗಿ ಬಾಟಲಿಯನ್ನು ಹೆಗಲಿಗೆ ಹಾಕಿತ್ತು. ಡಿಪೋ ಮುಚ್ಚಿತ್ತು. ರಸ್ತೆಯ ಬದಿಯಲ್ಲಿ ಒಂದು ಚಾದ ಅಂಗಡಿ. ಒಳಗೆ ಲೋಟದ ಅಂಚಿಗೆ ಬೆರಳಿಟ್ಟು ಚಾ ಬಗ್ಗಿಸುತ್ತಿದ್ದವನು ಐತಪ್ಪ. ತಲೆ ಅಲ್ಲಲ್ಲಿ ನರೆತಿತ್ತು. ಎಡಹುಬ್ಬಿನ ಮೇಲೆ ಒಂದು ಬಿಳಿಯ ಗೀರು. ನಾನು ಹೇಳುವ ಮೊದಲೇ ನನ್ನನ್ನು ಗುರುತಿಸಿದ.

"ಬನ್ನಿ ಮಾಸ್ಟ್ರೇ" ಎಂದ. ನಗಲಿಲ್ಲ. ಬೆಂಚು ಒರೆಸಿಕೊಟ್ಟ. ಗಿರಾಕಿಗಳು ಎದ್ದು ಹೋಗುವವರೆಗೂ ಚಾ ಬಗ್ಗಿಸುತ್ತಲೇ ಇದ್ದ. ನನಗೆ ಬಾಯಾರಿತು. ಬಾಟಲಿಯ ಬಿರಡೆ ತೆಗೆದೆ.

ಅವನು ಅದನ್ನೇ ನೋಡುತ್ತಿದ್ದ. "ಇನ್ನೂ ನೀರು ಹೊತ್ತುಕೊಂಡು ತಿರುಗ್ತೀರಾ? ಈಗ ಯಾರ ಕಾದಾಟ ಉಂಟು ಮಾಸ್ಟ್ರೇ?"

ನಾನು ಕುಡಿಯಲಿಲ್ಲ. ಬಿರಡೆ ಹಾಕಿದೆ.

"ನಿಲ್ಲಿಸಿದ್ದು ತಪ್ಪು ಅಂತ ಈಗಲೂ ಹೇಳ್ತೇನೆ" ಎಂದ ಐತಪ್ಪ. "ಇನ್ನು ಸ್ವಲ್ಪವೇ ಇದ್ದದ್ದು."

"ಎಡಗಣ್ಣಿನ ಹತ್ತಿರ ರಕ್ತ ಬಂದಿತ್ತು. ಮಾತು ಆಗಿತ್ತಲ್ಲ ನಮ್ಮೊಳಗೆ?"

"ಮಾತು ಆಗಿತ್ತು. ನಾನು ಇಲ್ಲ ಹೇಳುವುದಿಲ್ಲ. ಆದರೆ ಅವತ್ತು ಒಂದು ಕೇಳಿದ್ದೆ. ನೀವು ಹೇಳಲಿಲ್ಲ."

ಹವಾಲ್ದಾರರ ಸೈಕಲ್ ಚಕ್ರ ನನ್ನ ಕಣ್ಣೆದುರು ತಿರುಗಿತು. ಸಾಯುವವರೆಗೂ ಬಾಯಿ ಬಿಡಬೇಡ ಎಂದಿದ್ದರು. ಅವರಿಗೆ ಹೆಂಡತಿ ಮಕ್ಕಳು ಇದ್ದರು, ಅಂಗಡಿಯ ತುಂಬ ಜನ ಇದ್ದರು. ಇಷ್ಟು ವರ್ಷ ಒಂದು ಮಾತನ್ನು ಒಬ್ಬನೇ ಹೊತ್ತುಕೊಂಡಿರುವುದು ಹೇಗಿರುತ್ತದೆಂದು ಅವರಿಗೆ ಗೊತ್ತಿತ್ತೋ ಇಲ್ಲವೋ.

"ನೀನು" ಎಂದೆ. "ಮೂರು ಸುತ್ತಿನಲ್ಲೂ ನೀನೇ ಮುಂದಿದ್ದದ್ದು. ಬಹಳ ಮುಂದೆ."

ಐತಪ್ಪ ಕೈಯಲ್ಲಿದ್ದ ಲೋಟ ಕೆಳಗಿಟ್ಟ. ಅಡುಗೆಮನೆಯ ತಟ್ಟಿಯ ಕಡೆಗೆ ತಿರುಗಿ ದೊಡ್ಡ ಸ್ವರದಲ್ಲಿ ಕರೆದ. "ಗಿರಿಜಾ! ಕೇಳಿತಾ ನಿನಗೆ? ಮಾಸ್ಟ್ರೇ ಹೇಳಿದ್ದು! ನಾನು ಮದುವೆಯಾದ ವರ್ಷದಿಂದ ಹೇಳ್ತಾ ಇದ್ದೇನಲ್ಲ?"

ಒಳಗಿನಿಂದ ಅವನ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. "ಕೇಳಿತು ಕೇಳಿತು. ಇನ್ನು ಇವರನ್ನು ಹಿಡಿಯುವವರು ಯಾರು?" ಎಂದು ನನ್ನ ಕಡೆ ನೋಡಿ ನಕ್ಕಳು. ಐತಪ್ಪನೂ ನಕ್ಕ. ನಗುತ್ತಲೇ ಆಚೆ ಹೋಗಿ, ಬಹಳ ಹೊತ್ತು ನಮಗೆ ಬೆನ್ನು ಹಾಕಿ ಒಂದು ಬೊಂಡ ಆರಿಸಿದ. ಕತ್ತಿಯನ್ನು ಮೊದಲು ಬೊಂಡದ ಮೇಲೆ ಇಟ್ಟು ಅಳತೆ ನೋಡಿಕೊಂಡು, ಆಮೇಲೆ ಎತ್ತಿ ಕೆತ್ತಿದ. ನನ್ನ ಕೈಗೆ ಕೊಟ್ಟ.

"ಇದನ್ನು ಕುಡಿಯಬಹುದಲ್ಲ?"

ಕುಡಿದೆ. ಅರ್ಧ ಅಂಗಿಯ ಮೇಲೆ ಚೆಲ್ಲಿತು.

ಸಂಜೆ ಅವನೇ ನನ್ನನ್ನು ರಸ್ತೆಗೆ ಕರೆದುಕೊಂಡು ಬಂದ. ಇಬ್ಬರೂ ಮೈಲುಗಲ್ಲಿನ ಬಳಿ ಕುಳಿತೆವು. ನನ್ನ ಕಣ್ಣು ಆಗಲೇ ಮಂಜಾಗತೊಡಗಿತ್ತು. ಘಾಟಿಯ ಕಡೆಯ ತಿರುವಿನಲ್ಲಿ ನನಗೆ ಕಂಡದ್ದು ಧೂಳು ಮಾತ್ರ. ಲಾರಿ ಇರಬೇಕೆಂದು ಸುಮ್ಮನೆ ಕುಳಿತಿದ್ದೆ. ಐತಪ್ಪ ನನ್ನ ಬಾಟಲಿಯನ್ನು ತನ್ನ ಹೆಗಲಿಗೆ ಹಾಕಿಕೊಂಡು ಎದ್ದು ನಿಂತ.

"ನಿಮ್ಮ ಬಸ್ಸು ಮಾಸ್ಟ್ರೇ, ಬಿ.ಸಿ.ರೋಡಿನದ್ದು. ಬೋರ್ಡು ಕಾಣ್ತದೆ ನನಗೆ" ಎಂದ.